ಪರಪ್ಪನ ಪಾಲಿನ ಪ್ಲಗ್ಗು

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷ ತಾಂಬಾದಲ್ಲಿ ಗುರುಲಿಂಗಪ್ಪ ಮತ್ತು ಪರಪ್ಪ ಎಂಬ ಅಣ್ಣತಮ್ಮಂದಿರು ಬೇರೆಯಾದರು. ಈ ಎರಡು ಘಟನೆಗಳಿಗೆ ಏನೂ ಸಂಬಂಧವಿಲ್ಲ. ಆದರೆ ಊರಿನಲ್ಲಿ ಹೆಚ್ಚು ಚರ್ಚೆಯಾದದ್ದು ಎರಡನೆಯದು.

ಬೇರೆಯಾಗುವುದು ಜಗಳವಿಲ್ಲದೆ ನಡೆಯಿತು. ನೋಡಲು ಬಂದವರಿಗೆ ಇದರಿಂದ ಸ್ವಲ್ಪ ಬೇಸರವೂ ಆಯಿತು. ಹೊಲ ಹಂಚಿದರು. ಲಿಂಬಿ ತೋಟದ ನಡುವೆ ಒಂದು ಬದು ಹಾಕಿದರು. ಬಾವಿಯ ನೀರಿಗೆ ಪಾಳಿ ಗೊತ್ತು ಮಾಡಿದರು. ಎತ್ತು, ಎಮ್ಮೆ, ಹಂಡೆ, ಕೊಪ್ಪರಿಗೆ ಎಲ್ಲ ಹಂಚಿ ಮುಗಿದ ಮೇಲೆ ಅಂಗಳದಲ್ಲಿ ಒಂದೇ ಒಂದು ವಸ್ತು ಉಳಿಯಿತು. ಅದು ಲಿಂಬಿ ಗಿಡಗಳಿಗೆ ಎಣ್ಣೆ, ಅಂದರೆ ಹುಳದ ಔಷಧ, ಹೊಡೆಯುವ ಮಶೀನು.

ಕೂಡಿದ್ದಾಗ ಇಂಡಿ ಪಟ್ಟಣದ ಸೊಸಾಯಿಟಿಯಿಂದ ತಂದದ್ದು. ಬೆನ್ನಿಗೆ ಕಟ್ಟಿಕೊಳ್ಳಬೇಕು. ಮೇಲೆ ಔಷಧದ ಡಬ್ಬಿ, ಕೆಳಗೆ ಪೆಟ್ರೋಲಿನ ಸಣ್ಣ ಎಂಜಿನ್ನು, ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ. ಹಗ್ಗ ಜಗ್ಗಿದರೆ ಊರಿಗೆಲ್ಲ ಕೇಳುವಂತೆ ಒದರುತ್ತದೆ. ಇದನ್ನು ಅರ್ಧ ಮಾಡಲು ಬರುವುದಿಲ್ಲ. ಇಂಥದ್ದೇ ಇನ್ನೊಂದನ್ನು ತರುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಪಾಲು ಮಾಡಲು ಕೂತಿದ್ದ ಬಸಂತರಾಯ ಕಾಕಾ ಹಿರಿಯರು. ಅವರು ಮೀಸೆಯ ಮೇಲೆ ಕೈಯಾಡಿಸಿದರು.

"ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಒಂದ ಚಕ್ಕಡಿ ಎರಡ ಮನಿಗೆ ಹ್ಯಾಂಗ ಹಂಚತೇವಿ? ಚಕ್ಕಡಿ ಒಬ್ಬನ ಅಂಗಳದಾಗ, ಕಡಾಣಿ ಇನ್ನೊಬ್ಬನ ಮನ್ಯಾಗ."

ಇದು ನಮ್ಮ ಕಡೆಯ ಹಳೆಯ ಪದ್ಧತಿ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಬ್ಬಿಣದ ಮೊಳೆಯೇ ಕಡಾಣಿ. ಅದನ್ನು ಒಬ್ಬನು ತನ್ನ ಮನೆಯ ಗೂಟಕ್ಕೆ ತೂಗಹಾಕಿದರೆ, ಚಕ್ಕಡಿ ಇರುವವನು ಅವನನ್ನು ಕೇಳದೆ ಹೊರಡುವಂತಿಲ್ಲ. ಚಕ್ಕಡಿ ಇಲ್ಲದವನು ಬರೀ ಕಡಾಣಿ ಹಿಡಿದುಕೊಂಡು ಸಂತೆಗೆ ಹೋಗುವಂತಿಲ್ಲ. ಇಬ್ಬರಿಗೂ ಸಮನಾದ ತೊಂದರೆ. ಆದ್ದರಿಂದ ಅದು ನ್ಯಾಯ.

"ಈ ಮಶೀನಿಗೆ ಕಡಾಣಿ ಯಾವದು?" ಎಂದು ಕಾಕಾ ಕೇಳಿದರು.

"ಪ್ಲಗ್ಗ, ಕಾಕಾ," ಎಂದ ಅಣ್ಣ ಗುರುಲಿಂಗಪ್ಪ. "ಅದನ್ನ ತಗದ್ರ ಎಷ್ಟ ಹಗ್ಗ ಜಗ್ಗಿದ್ರೂ ಇದು ಕೆಮ್ಮೂದಿಲ್ಲ."

"ಹಂಗಾರ ಮಶೀನ ಗುರುಲಿಂಗಪ್ಪಗ, ಪ್ಲಗ್ಗ ಪರಪ್ಪಗ. ಏಳ್ರಿ, ಊಟಕ್ಕ ಹೊತ್ತಾತು."

ಗುರುಲಿಂಗಪ್ಪನೇ ನಟ್ಟು ತಿರುವುವ ಪಾನಾ ಹಚ್ಚಿ ಪ್ಲಗ್ಗು ಬಿಚ್ಚಿ ತಮ್ಮನ ಅಂಗೈಯಲ್ಲಿ ಇಟ್ಟ. ಬಿಳಿ ಪಿಂಗಾಣಿಯ ಕುತ್ತಿಗೆ, ಕಬ್ಬಿಣದ ಸೊಂಟ, ತುದಿಯಲ್ಲಿ ಬಾಗಿದ ಒಂದು ಕಡ್ಡಿ. ಪರಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತನ್ನ ಹೊಸ ಒಲೆಯ ಮನೆಗೆ ಹೋದ.

ಅವನ ಹೆಂಡತಿ ರುಕ್ಮವ್ವ ಹೊಸ್ತಿಲಲ್ಲೇ ನಿಂತಿದ್ದಳು.

"ಭಾವಾರು ಎಮ್ಮಿಯಂಥಾ ಮಶೀನ ತಗೊಂಡ್ರಂತ. ನಿಮಗೇನ ಬಂತ್ರಿ?"

ಪರಪ್ಪ ಮುಷ್ಟಿ ಬಿಚ್ಚಿದ.

"ಇದೇನಿದು, ಬಳ್ಳೊಳ್ಳಿ ಗಡ್ಡಿ?"

"ಪ್ಲಗ್ಗ. ಇದಿಲ್ಲಂದ್ರ ಮಶೀನ ಹೆಣ. ಇದರಾಗ ಕಿಡಿ ಐತಿ."

"ಆ ಕಿಡಿ ಪಾಲ ಮಾಡೂ ಮುಂದ ನಿಮ್ಮೊಳಗ ಇರಬೇಕಾಗಿತ್ತು," ಎಂದು ರುಕ್ಮವ್ವ ರೊಟ್ಟಿ ಬಡಿಯಲು ಹೋದಳು.

ಪರಪ್ಪನಿಗೆ ಊಟ ಸೇರಲಿಲ್ಲ. ಹುಟ್ಟಿದಾಗಿನಿಂದ ಅವನು ಅಣ್ಣನ ಅಂಗಿಯನ್ನು ತುಂಡು ಮಾಡಿಸಿ ತೊಟ್ಟವನು. ಈಗ ಮಶೀನಿನಲ್ಲೂ ತುಂಡೇ ಬಂತು ಎಂದು ಊರು ಅಂದುಕೊಳ್ಳಬಾರದು. ಪ್ಲಗ್ಗೇ ದೊಡ್ಡದು, ಉಳಿದದ್ದು ಅದರ ಡಬ್ಬಿ ಎಂದು ಎಲ್ಲರೂ ಒಪ್ಪಬೇಕು. ಹಾಗೆ ಒಪ್ಪಿಸಲು ಪ್ಲಗ್ಗಿನ ವಿದ್ಯೆ ಗೊತ್ತಿರಬೇಕು. ಮರುದಿನ ಅವನು ಪ್ಲಗ್ಗನ್ನು ವಸ್ತ್ರದ ಚುಂಗಿನಲ್ಲಿ ಕಟ್ಟಿಕೊಂಡು ಇಂಡಿಯ ಬಸ್ಸು ಹತ್ತಿದ.

ಬಸ್‌ಸ್ಟ್ಯಾಂಡಿನ ಹಿಂದೆ ರಾವಸಾಬನ ಮೋಟರ್ ರಿಪೇರಿ ಅಂಗಡಿ. ರಾವಸಾಬ ಪ್ಲಗ್ಗನ್ನು ತಿರುಗಿಸಿ ನೋಡಿ, ವೈದ್ಯನಂತೆ ಪಥ್ಯ ಹೇಳಿದ.

"ತುದಿಗೆ ಮಸಿ ಕುಂಡರತೈತಿ. ಹಿತ್ತಾಳಿ ತಂತಿ ಬ್ರಶ್ಶಿಲೆ ಹಗೂರಕ ತಿಕ್ಕು. ಪೆಟ್ರೋಲಿನಾಗ ತೊಳದು ಒಣಗಸು. ಎಣ್ಣಿ ಜಿಡ್ಡು, ಮಸಿ ಇದ್ರ ಕಿಡಿ ಹಾರೂದಿಲ್ಲ. ಈ ಕಡ್ಡಿಗೂ ಒಳಗಿನ ತುದಿಗೂ ನಡುವ ಸಂದ ಇರಬೇಕು, ಪೋಸ್ಟ್ ಕಾರ್ಡ ಎರಡ ಪದರ ಮಡಚಿದಷ್ಟು. ಕೂಡಸೂ ಮುಂದ ಮೊದಲ ಕೈಬಟ್ಟಿಲೆ ತಿರವು, ಆಮ್ಯಾಲ ಪಾನಾ ಹಚ್ಚು. ತಿಳೀತಿಲ್ಲೋ?"

"ತಿಳೀತ್ರಿ," ಎಂದು ಪರಪ್ಪ ತಲೆ ಎತ್ತಿದ. ಎದುರಿನ ಗೋಡೆಯ ಮೇಲೆ ಅವನ ಕಣ್ಣು ಬಿತ್ತು. ಅಲ್ಲಿ ತಂತಿಗೆ ಪೋಣಿಸಿದ ಪ್ಲಗ್ಗುಗಳು ಮೆಣಸಿನಕಾಯಿ ಸರದಂತೆ ಮೇಲಿನಿಂದ ಕೆಳಗಿನವರೆಗೆ ತೂಗುತ್ತಿದ್ದವು.

"ಅವೇನ್ರಿ?"

"ಪ್ಲಗ್ಗ."

"ಯಾರವು?"

"ಯಾರ ರೊಕ್ಕಾ ಕೊಡ್ತಾರ ಅವರವು."

ಪರಪ್ಪ ಬೆಂಚಿನ ಮೇಲೆ ಕೂತ. "ಇಂಥಾವೂ ಅದಾವೇನ್ರಿ? ಇದಕ ಬದಲಿ ಹಾಕೂವಂಥಾವು?"

"ಇಂಥಾವ ಅದಾವ. ಕೊಡ್ಲೇನು?"

"ಬ್ಯಾಡ್ರಿ," ಎಂದ ಪರಪ್ಪ ಗಾಬರಿಯಿಂದ. "ನೀವ ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ."

"ಮತ್ತ ಅಂಗಡಿ ಯಾಕ ತಗದೇನಪಾ ನಾ?"

ತಿರುಗಿ ಬರುವಾಗ ಬಸ್ಸಿನಲ್ಲಿ ಪರಪ್ಪ ಕಿಟಕಿಯ ಹೊರಗೆ ಏನನ್ನೂ ನೋಡಲಿಲ್ಲ. ತನ್ನ ಪಾಲು ಇಂಡಿಯಲ್ಲಿ ಸರಗಟ್ಟಲೆ ತೂಗುತ್ತಿದೆ. ಅಣ್ಣ ಒಮ್ಮೆ ಆ ಗೋಡೆ ನೋಡಿದನೋ, ಒಂದು ಪ್ಲಗ್ಗು ಕೊಂಡು ಮಶೀನಿಗೆ ತಿರುವುತ್ತಾನೆ. ಆಮೇಲೆ ಪರಪ್ಪನ ಮುಷ್ಟಿಯಲ್ಲಿ ಇರುವುದು ನಿಜವಾಗಿಯೂ ಬಳ್ಳೊಳ್ಳಿ ಗಡ್ಡೆಯೇ. ಇದಕ್ಕೆ ಉಪಾಯ ಒಂದೇ: ಅಣ್ಣ ಇಂಡಿಗೆ ಹೋಗಬಾರದು.

ತಾಂಬಾದ ಗೃಹಸ್ಥನೊಬ್ಬ ಇಂಡಿಗೆ ಹೋಗದಂತೆ ತಡೆಯುವುದು ಸುಲಭವಲ್ಲ. ಎಲ್ಲ ಕೆಲಸವೂ ಅಲ್ಲೇ. ಮೂರು ದಿನ ಕಳೆಯುವುದರೊಳಗೆ ಗುರುಲಿಂಗಪ್ಪ ಹೆಗಲ ಮೇಲೆ ಚೀಲ ಹಾಕಿಕೊಂಡು ಹೊರಟ. ಪರಪ್ಪ ಓಡಿಬಂದು ಚೀಲ ಕಸಿದುಕೊಂಡ.

"ಎಲ್ಲಿಗಿ ಅಣ್ಣಾ?"

"ಎಮ್ಮಿಗೆ ಹಿಂಡಿ ತರಾಕ."

"ನಾ ಹೊಂಟೇನಿ. ನಾನ ತರತೇನಿ. ನೀ ಕೂಡು."

ಗುರುಲಿಂಗಪ್ಪ ತಮ್ಮನ ಮುಖ ನೋಡಿದ. ಕೂಡಿದ್ದಾಗ ಎದ್ದು ನೀರು ತಗೋ ಎಂದರೂ ಕೇಳದವನು. "ಹೋಗಿ ಬಾ," ಎಂದು ಕಟ್ಟೆಯ ಮೇಲೆ ಕೂತ.

ಅಲ್ಲಿಂದ ಶುರುವಾಯಿತು. ಅಣ್ಣನ ಹಿಂಡಿ ತಂದ. ಕಮ್ಮಾರನ ಹತ್ತಿರ ನೇಗಿಲಿನ ಕುಡ ಹಣಿಸಿಕೊಂಡು ಬಂದ. ಹಿಂಡಿ ಅಂಗಡಿಯವನು ಅಣ್ಣನಿಗೆಂದು ಕೊಟ್ಟ ಕಾಗದದ ಪುಡಿಕೆಯನ್ನು ಜೋಪಾನವಾಗಿ ತಂದು ಕೈಗಿಟ್ಟ. ಅತ್ತಿಗೆ ಬಾಳಮ್ಮನಿಗೆ ಬಳೆ ಬೇಕೆಂದರೆ, ಅವಳು ಗಂಡನನ್ನು ಕರೆದುಕೊಂಡು ಹೊರಡುವ ಮೊದಲೇ ಅಳತೆಗೆ ಹಳೆಯ ಬಳೆ ಕೇಳಿ ತೆಗೆದುಕೊಂಡು ಹೋದ. ಬಗಲಮನೆಯ ಸಾವಂತ್ರವ್ವ ಇದನ್ನು ನೋಡಿ, ತನ್ನ ಕುಬಸದ ಬಟ್ಟೆಯನ್ನೂ ಇಂಡಿಯ ದರ್ಜಿಗೆ ಕೊಟ್ಟು ಬಾ ಎಂದಳು. ಬೇಡವೆಂದರೆ ಅವಳು ಗುರುಲಿಂಗಪ್ಪನಿಗೆ ಹೇಳಿಯಾಳು. ಪರಪ್ಪ ಅದನ್ನೂ ಒಯ್ದ. ಕುಬಸ ಬಂದಾಗ ತೋಳು ಬಿಗಿ. ಸಡಿಲ ಮಾಡಿಸಿ ತಂದಾಗ ಕೊರಳು ಅಗಲ. ಪರಪ್ಪ ಕುಬಸದ ದೋಷಗಳನ್ನು ದರ್ಜಿಗೆ ವಿವರಿಸುವುದನ್ನು ಬಸ್‌ಸ್ಟ್ಯಾಂಡಿನ ಜನ ನಿಂತು ಕೇಳಿದರು. ಕಂಡಕ್ಟರ್ ಎಲ್ಲಿಗೆ ಎಂದು ಕೇಳುವುದನ್ನು ಬಿಟ್ಟು ಸುಮ್ಮನೆ ಟಿಕೀಟು ಹರಿಯತೊಡಗಿದ.

"ಬ್ಯಾರಿ ಆದ ಮ್ಯಾಲ ಪರಪ್ಪಗ ಬುದ್ಧಿ ಬಂತು ನೋಡ್ರಿ," ಎಂದು ಊರು ಮಾತಾಡಿತು. ಮಕ್ಕಳು ಬೇರೆಯಾಗುವುದನ್ನು ತಡೆಯುತ್ತಿದ್ದ ಒಬ್ಬಿಬ್ಬರು ಮುದುಕರು ಮನಸ್ಸು ಬದಲಿಸಿದರು.

"ಊರ ಮಂದಿಗೆ ಎಲ್ಲಾ ತರ್ತೀರಿ," ಎಂದಳು ರುಕ್ಮವ್ವ. "ನಮ್ಮ ಮನ್ಯಾಗ ಉಪ್ಪ ತೀರಿ ನಾಕ ದಿನಾ ಆತು."

"ಮರತೆ."

"ಸಾವಂತ್ರವ್ವನ ತೋಳಿನ ಅಳತಿ ಮರತಿಲ್ಲಲಾ?"

ಇನ್ನೊಂದು ಕಡೆ ಪ್ಲಗ್ಗಿನ ಮರ್ಯಾದೆಯನ್ನೂ ಬೆಳೆಸಬೇಕಿತ್ತು. ಅದನ್ನು ಗೋಡೆಯ ಗೂಡಿನಲ್ಲಿ ಹಿತ್ತಾಳೆ ಬಟ್ಟಲೊಳಗೆ ಇಟ್ಟ. ಮುಂಜಾನೆ ಸ್ನಾನ ಮಾಡಿ ಅಂಗಳದಲ್ಲಿ ಕೂತು, ಜನ ಓಡಾಡುವ ಹೊತ್ತಿಗೆ ಸರಿಯಾಗಿ, ಬ್ರಶ್ಶಿನಿಂದ ತಿಕ್ಕಿ ತೊಳೆಯುತ್ತಿದ್ದ. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮಡಚಿದ ಪೋಸ್ಟ್ ಕಾರ್ಡನ್ನು ಸಂದಿನಲ್ಲಿ ತೂರಿಸಿ, ಬಿಗಿಯಾದರೆ ಕಡ್ಡಿಯನ್ನು ಚೂರು ಎತ್ತುತ್ತಿದ್ದ. ಸಡಿಲಾದರೆ ಚೂರು ಬಡಿಯುತ್ತಿದ್ದ. ನಿನ್ನೆ ಎತ್ತಿದ್ದನ್ನು ಇವತ್ತು ಬಡಿದು, ಇವತ್ತು ಬಡಿದದ್ದನ್ನು ನಾಳೆ ಎತ್ತುತ್ತಿದ್ದ. ಮಶೀನಿಗೆ ಹಾಕದೆ ಇದ್ದ ಪ್ಲಗ್ಗಿಗೆ ಮಸಿ ಹೇಗೆ ಹತ್ತುತ್ತದೆ ಎಂದು ಯಾರೂ ಕೇಳಲಿಲ್ಲ. ದೇವರ ಬೆಳ್ಳಿ ಮೂರ್ತಿಯನ್ನು ದಿನಾ ತೊಳೆಯುವವರನ್ನು ಯಾರಾದರೂ ಕೇಳುತ್ತಾರೆಯೆ?

ಬಸಂತರಾಯ ಕಾಕಾ ಹಾದು ಹೋಗುವಾಗ ನಿಂತು ವಿಚಾರಿಸುತ್ತಿದ್ದರು.

"ಪರಪ್ಪಾ, ಪ್ಲಗ್ಗ ಆರಾಮ ಐತೇನಪಾ?"

"ಆರಾಮ ಐತ್ರಿ ಕಾಕಾ. ನಿನ್ನೆ ಸಂಜೀಕ ಸಂದ ಸ್ವಲ್ಪ ಬಿಗಿ ಆಗಿತ್ತು. ಈಗ ಚಿಂತಿಲ್ಲ."

ಕಾಕಾ ಸಮಾಧಾನದಿಂದ ಮುಂದೆ ಹೋಗುತ್ತಿದ್ದರು.

ಮೊದಲ ಗಂಡಾಂತರ ಸಿಂದಗಿಯಿಂದ ಬಂತು. ರುಕ್ಮವ್ವನ ತಮ್ಮ ಸೋಮನಿಂಗ ಹೊಸ ಮೋಟರ್ ಸೈಕಲ್ ತೋರಿಸಲು ಅಕ್ಕನ ಊರಿಗೆ ಬಂದ. ಕಟ್ಟೆಯ ಹತ್ತಿರ ಅದು ಪುಸ್ ಎಂದು ನಿಂತಿತು. ಸೋಮನಿಂಗ ಕಟ್ಟೆಯ ಮೇಲಿನ ಹತ್ತೆಂಟು ಮಂದಿಯ ಎದುರು, ಏನೋ ಒಂದು ಸಾಮಾನ್ಯ ಕೆಲಸವೆಂಬಂತೆ, ಪಾನಾ ತೆಗೆದು ಪ್ಲಗ್ಗು ಬಿಚ್ಚಿದ.

"ಅಲಲಲಾ!" ಎಂದಳು ಸಾವಂತ್ರವ್ವ. "ಇದಕೂ ಪ್ಲಗ್ಗ ಐತಿ! ಥೇಟ ಪರಪ್ಪಂದರಂಗ ಐತಲ್ಲ!"

ಗುರುಲಿಂಗಪ್ಪ ಕಟ್ಟೆಯ ಮೇಲೆಯೇ ಇದ್ದ. ಪರಪ್ಪ ಗುಂಪನ್ನು ಸೀಳಿಕೊಂಡು ಮುಂದೆ ಬಂದ.

"ಅದರಂಗ ಎಲ್ಲೈತಿ? ನೆಟ್ಟಗ ನೋಡ್ರಿ. ಇದು ರಸ್ತೆ ಪ್ಲಗ್ಗ. ನಮ್ಮದು ತ್ವಾಟದ ಪ್ಲಗ್ಗ. ಇದು ಓಡೂದು, ಅದು ಊದೂದು. ಅದರ ಜಾತೀನ ಬ್ಯಾರೆ."

ಸೋಮನಿಂಗ ಬಾಯಿ ತೆರೆದ. "ಮಾಮಾ, ಹಂಗೇನಿಲ್ಲ, ಅಂಗಡ್ಯಾಗ ಎಲ್ಲಾ..."

"ನೀ ಊಟಕ್ಕೇಳು!" ಎಂದು ಪರಪ್ಪ ಅವನ ರಟ್ಟೆ ಹಿಡಿದ.

"ಈಗರ ಉಂಡೇನ್ರಿ ಮಾಮಾ."

"ಸಿಂದಗ್ಯಾಗ ಉಂಡದ್ದು ಇಲ್ಲಿಗೆ ಬರೂದರಾಗ ಕರಗಿರತೈತಿ. ಏಳು."

ಅವತ್ತು ಸೋಮನಿಂಗನಿಗೆ ಹೋಳಿಗೆ ಹಾಕಿದ್ದೇ ಹಾಕಿದ್ದು. ಅವನು ಮಾತಾಡಲು ಬಾಯಿ ತೆರೆದಾಗಲೆಲ್ಲ ಪರಪ್ಪ ತುಪ್ಪ ಬಡಿಸಿದ. ಅಕ್ಕನ ಗಂಡ ಇಷ್ಟು ಪ್ರೀತಿ ತೋರಿಸಿದ್ದನ್ನು ಸೋಮನಿಂಗ ಎಂದೂ ಕಂಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡೇ ಸಿಂದಗಿಗೆ ಮರಳಿದ.

ಇತ್ತ ಕಟ್ಟೆಯ ಮೇಲೆ ಜನ ಗುರುಲಿಂಗಪ್ಪನ ಕಡೆ ತಿರುಗಿದ್ದರು. ಅವನು ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ಹೇಳಿದ:

"ಪರಪ್ಪ ಹೇಳೂದು ಖರೇ ಐತಿ. ರಸ್ತೆ ಬ್ಯಾರೆ, ತ್ವಾಟ ಬ್ಯಾರೆ."

ಮೊದಲ ಮಳೆ ಬಿತ್ತು. ಲಿಂಬಿ ಗಿಡಗಳು ಎಳೆ ಚಿಗುರು ಒಡೆದವು. ಚಿಗುರಿನ ಬೆನ್ನಿಗೇ ಹಸಿರು ಹುಳ ಬಿದ್ದಿತು. ಅದು ಎಲೆಯ ಮೇಲೆ ಕೂತರೆ ಕಾಣುವುದಿಲ್ಲ; ಎಲೆ ಹೋದ ಮೇಲೆ ಕಾಣುತ್ತದೆ. ಗುರುಲಿಂಗಪ್ಪ ತಮ್ಮನ ಬಾಗಿಲಿಗೆ ಬಂದ.

"ಪರಪ್ಪಾ, ಪ್ಲಗ್ಗ ಕೊಡು. ಎಣ್ಣಿ ಹೊಡೀಬೇಕು."

"ಪ್ಲಗ್ಗ ಒಂಟಿ ಬರೂದಿಲ್ಲ ಅಣ್ಣಾ."

"ಮತ್ತ ಯಾರ ಕೂಡ ಬರತೈತಿ?"

"ನನ್ನ ಕೂಡ. ಅದು ನನ್ನ ಕೈಲೆ ಕೂಡಬೇಕು, ನನ್ನ ಕೈಲೆ ಬಿಚ್ಚಬೇಕು. ನಡುವ ಕಾಯ್ದು ಕೆಟ್ಟಗಿಟ್ಟತಂದ್ರ ಯಾರು ಜವಾಬ್ದಾರಿ?"

"ಹೌದಪಾ, ಅದೂ ಖರೇ," ಎಂದ ಗುರುಲಿಂಗಪ್ಪ. "ಆದ್ರ ನಾ ಮಶೀನ ಹೊತ್ಕೊಂಡ ಗಿಡದಾಗ ಹ್ವಾದ್ನೆಂದ್ರ ನೀ ಎಷ್ಟಂತ ಹಿಂದ ಓಡಾಡ್ತಿ? ಪ್ಲಗ್ಗ ನಿನ್ನ ಕಣ್ಣ ಮುಂದ ಇರೂದಿಲ್ಲ. ನನಗೂ ಜೀವಕ್ಕ ಸಮಾಧಾನ ಇಲ್ಲ."

"ಹಂಗಾರ ನಾನ ಹೊರತೇನಿ."

"ಬ್ಯಾಡೋ. ಭಾಳ ಒಜ್ಜಿ ಐತಿ."

"ಪ್ಲಗ್ಗ ನಂದೈತಿ. ನಾನ ಹೊರಾಂವ."

ಗುರುಲಿಂಗಪ್ಪ ಬಹಳ ಸಂಕೋಚದಿಂದ ಒಪ್ಪಿಕೊಂಡ.

ಮಶೀನು ಅಣ್ಣನ ಅಂಗಳದಲ್ಲಿದ್ದುದರಿಂದ ಅಣ್ಣನ ಗಿಡಗಳಿಗೇ ಮೊದಲ ಪಾಳಿ. ಪರಪ್ಪ ಮೂಗಿಗೆ ವಸ್ತ್ರ ಕಟ್ಟಿ, ತುಂಬಿದ ಡಬ್ಬಿ ಬೆನ್ನಿಗೆ ಹೇರಿ, ಸಾಲಿನಿಂದ ಸಾಲಿಗೆ ನಡೆದ. ಔಷಧದ ನೀರು ಸೋರಿ ಅಂಗಿ ಬೆನ್ನಿಗೆ ಅಂಟಿತು. ಗುರುಲಿಂಗಪ್ಪ ಬೇವಿನ ಗಿಡದ ನೆರಳಿಗೆ ಕೂತು, "ಆ ಟೊಂಗಿ ಬಿಟ್ಟಿ ನೋಡು, ಪರಪ್ಪಾ," ಎಂದು ಆಗಾಗ ಸಹಾಯ ಮಾಡಿದ. ಎದುರಿನಿಂದ ಬಂದವರೆಲ್ಲ, "ಪ್ಲಗ್ಗ ಇದ್ದಾಂವಂದ ನಡೀತೈತಿ ನೋಡು," ಎನ್ನುವರು. ಪರಪ್ಪನ ಎದೆ ಉಬ್ಬುವುದು. ಬೆನ್ನು ಬಾಗಿಯೇ ಇರುವುದು.

ಪೆಟ್ರೋಲು ತೀರಿದಾಗ ಇಂಡಿಗೆ ಹೋಗಿ ತಂದವನೂ ಅವನೇ. ಹೀಗೆ ಅಣ್ಣನ ತೋಟ ಬದುವಿನ ಹತ್ತಿರದ ಕೆಲವು ಸಾಲು ಬಿಟ್ಟು ಪೂರಾ ಆಯಿತು. ಬದುವಿನ ಆಚೆ, ತನ್ನ ಪಾಲಿನ ಗಿಡಗಳಲ್ಲಿ ರುಕ್ಮವ್ವ ಡಬ್ಬಿ ಹಿಡಿದು ಹುಳ ಆರಿಸುತ್ತಿದ್ದಳು.

"ಏನ್ರಿ," ಎಂದು ಅವಳು ಬದುವಿನ ಮೇಲೆ ನಿಂತು ಕೂಗಿದಳು, "ನಿಮ್ಮ ಪ್ಲಗ್ಗಿಗೆ ನಮ್ಮ ತ್ವಾಟದ ಹಾದಿ ಗೊತ್ತೈತೋ ಇಲ್ಲೋ? ಹುಳಾ ಚಿಗರ ಮುಗಿಸಿ ಹೀಚಿಗೆ ಬಂದಾವು!"

"ನಾಳೆ ನಮ್ಮದ!" ಎಂದ ಪರಪ್ಪ.

ಮರುದಿನ ಮುಂಜಾನೆ ಅವನು ಎಂದಿನಂತೆ ಪ್ಲಗ್ಗು ತೊಳೆದ. ಪೋಸ್ಟ್ ಕಾರ್ಡು ತೂರಿಸಿದ. ಸಂದು ಚೂರು ಬಿಗಿ ಅನಿಸಿತು. ಕಡ್ಡಿಯನ್ನು ಚೂರು ಎತ್ತಿದ.

ಟಿಕ್.

ಕಡ್ಡಿ ಮುರಿದು ಬಟ್ಟಲಿನ ಪೆಟ್ರೋಲಿನಲ್ಲಿ ಬಿತ್ತು. ಇಷ್ಟು ದಿನ ಎತ್ತಿಸಿಕೊಂಡು, ಬಡಿಸಿಕೊಂಡು ಅದು ಸುಸ್ತಾಗಿತ್ತು. ಪರಪ್ಪ ಬಟ್ಟಲನ್ನು ನೋಡಿದ, ಬೀದಿಯನ್ನು ನೋಡಿದ. ಅಂಗಿ ತೊಟ್ಟು, ಗುಂಡಿ ಹಾಕದೆ, ಇಂಡಿಯ ಬಸ್ಸಿಗೆ ಓಡಿದ. ಬಾಗಿಲಲ್ಲಿ ಸಾವಂತ್ರವ್ವ, "ಪರಪ್ಪಾ, ಹೊಂಟೀಯಂದ್ರ ಕುಬಸದ ಕೊರಳು..." ಎನ್ನುತ್ತ ಬಟ್ಟೆಯನ್ನು ಅವನ ಹೆಗಲಿಗೆ ಎಸೆದಳು.

ರಾವಸಾಬ ಪ್ಲಗ್ಗು ನೋಡಿದ. "ಕಡ್ಡಿ ಹ್ಯಾಂಗ ಮುರೀತು?"

"ಜ್ವಾಪಾನ ಮಾಡಿದ್ದಕ್ಕರಿ."

"ದಿನಾ ಬಗ್ಗಸಿದ್ರ ಕಬ್ಬಿಣ ಏನ ಮಾಡಬೇಕಪಾ, ಪಾಪ," ಎಂದು ರಾವಸಾಬ ಸರದಿಂದ ಒಂದು ಪ್ಲಗ್ಗು ಬಿಡಿಸಿ ಕೊಟ್ಟ.

ಬಸ್ಸಿನಲ್ಲಿ ಪರಪ್ಪ ಹೊಸ ಪ್ಲಗ್ಗನ್ನು ಹೊರಗೆ ತೆಗೆದು ನೋಡಿದ. ಪಿಂಗಾಣಿ ಎಳೆಮಗುವಿನ ಹಲ್ಲಿನಂತೆ ಬಿಳಿ. ಕಬ್ಬಿಣ ಕನ್ನಡಿ. ಇದನ್ನು ಮಶೀನಿಗೆ ಹಾಕಿದರೆ ಅಣ್ಣ ಮೊದಲು ಕೇಳುವುದು, ಎಲ್ಲಿ ಸಿಕ್ಕಿತು ಎಂದು. ಹಳೆಯದರ ಹಾಗೆ ಕಾಣಬೇಕು.

ಮನೆಗೆ ಬಂದವನೇ ಹಾಡಹಗಲು ಚಿಮಣಿ ದೀಪ ಹಚ್ಚಿ, ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು ಅದರ ಹೊಗೆಗೆ ಒಡ್ಡಿದ. ರುಕ್ಮವ್ವ ಒಳಗೆ ಬಂದಳು.

"ಬಿಸಲಾಗ ಚಿಮಣಿ ಯಾಕ್ರಿ?"

"ಪ್ಲಗ್ಗಿಗೆ ದೃಷ್ಟಿ ಆಗೇತಿ. ತಗ್ಯಾಕತ್ತೇನಿ."

ರುಕ್ಮವ್ವ ಒಂದು ಸಲ ಪ್ಲಗ್ಗನ್ನೂ ಒಂದು ಸಲ ಗಂಡನನ್ನೂ ನೋಡಿ ಒಲೆಯ ಕಡೆ ಹೋದಳು. ಪರಪ್ಪ ಪ್ಲಗ್ಗಿನ ಕುತ್ತಿಗೆಗೆ ಮಸಿ ಹಿಡಿಸಿದ, ಸೊಂಟಕ್ಕೆ ಹಿಡಿಸಿದ. ಎಲ್ಲೂ ಸಂಶಯ ಉಳಿಯಬಾರದೆಂದು ತುದಿಗೂ ಚೆನ್ನಾಗಿ ಹಿಡಿಸಿ, ಮೇಲೆ ಒಂದು ಹನಿ ಎಣ್ಣೆ ಸವರಿದ. ಇಷ್ಟು ದಿನ ಯಾವ ಮಸಿ ತೆಗೆಯಲು ಜೀವ ತೇದಿದ್ದನೋ ಅದನ್ನೇ ಅಷ್ಟೇ ಶ್ರದ್ಧೆಯಿಂದ ಹಚ್ಚಿದ.

ಅಣ್ಣನ ಅಂಗಳದಲ್ಲಿ ಔಷಧ ಕಲಸಿ ಡಬ್ಬಿ ತುಂಬಿಸಿಟ್ಟಿದ್ದರು. ಪರಪ್ಪ ಪ್ಲಗ್ಗನ್ನು ಬೆರಳಿನಿಂದ ತಿರುವಿ, ಪಾನಾ ಹಚ್ಚಿ, ಹಗ್ಗ ಜಗ್ಗಿದ. ಮಶೀನು ಕೆಮ್ಮಲೂ ಇಲ್ಲ. ಮತ್ತೆ ಜಗ್ಗಿದ. ಅಂಗಿಯ ಕಂಕುಳು ಹರಿಯಿತು. ಇನ್ನೊಬ್ಬರು ಬಂದು ಜಗ್ಗಿದರು. ಬೀದಿಯಲ್ಲಿ ಹೋಗುವವರೆಲ್ಲ ಬಂದು ಒಂದೊಂದು ಸಲ ಜಗ್ಗಿ, "ಊಂಹೂಂ," ಎಂದು ಕೈ ಒರೆಸಿಕೊಂಡು, ಹೋಗದೆ ಅಲ್ಲೇ ನಿಂತರು.

ಬಾಳಮ್ಮ ಸೊಂಟಕ್ಕೆ ಕೈಯಿಟ್ಟಳು.

"ನಿನ್ನೆ ತನಕಾ ಛಲೋ ಇದ್ದದ್ದು ಇವತ್ತ ಯಾಕ ಕೆಡ್ತು? ಮಶೀನ ನಮ್ಮ ಮನ್ಯಾಗ ಹಾಂಗ ಕುಂತಿತ್ತು. ಹೊರಗ ಹೋಗಿ ಬಂದದ್ದು ಪ್ಲಗ್ಗ. ಮೈದುನ ಪ್ಲಗ್ಗ ಬದಲ ಮಾಡ್ಯಾನ!"

ಅವಳಿಗೆ ಏನೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದಳು. ನಿಜ ಹೀಗೆ ಅಕಸ್ಮಾತ್ತಾಗಿ ಬಂದು ತಗುಲುವುದರಿಂದಲೇ ಪರಪ್ಪ ಕೆರಳಿದ.

"ವೈನಿ, ನಾಲಿಗಿ ಹಿಡದ ಮಾತಾಡು! ಬದಲ ಮಾಡಾಕ ಇನ್ನೊಂದ ಎಲ್ಲೈತಿ? ಇಂಥಾ ಪ್ಲಗ್ಗ ಜಗತ್ತಿನಾಗ ಇದೊಂದ! ನಿಮ್ಮ ಮಶೀನಿನ ಹೊಟ್ಟಿ ಕೆಟ್ಟೈತಿ!"

"ನಮ್ಮ ಮಶೀನಿನ ಹೊಟ್ಟಿಗೆ ಏನಾಗೇತಿ? ನಿನ್ನ ಕಿಡಿ ಎಲ್ಲಿ ಹೋತು, ಅದನ್ನ ಹೇಳು!"

ಬಸಂತರಾಯ ಕಾಕಾನನ್ನು ಕರೆತಂದರು. ಕಾಕಾ ಮಶೀನಿನ ಸುತ್ತ ಒಂದು ಸುತ್ತು ಹಾಕಿ, ಎಮ್ಮೆಯನ್ನು ತಟ್ಟಿದಂತೆ ಡಬ್ಬಿಯನ್ನು ತಟ್ಟಿದರು.

"ಕಡಾಣಿ ಬದಲ ಮಾಡೂದು ಸಣ್ಣ ಮಾತಲ್ಲ. ಪರಪ್ಪಾ, ಮಶೀನಿನ ಮ್ಯಾಲ ಕೈ ಇಡು. ಪಾಲ ಮಾಡಿದ ದಿನಾ ಕೊಟ್ಟ ಪ್ಲಗ್ಗ ಇದಾ ಅಂತ ಆಣಿ ಮಾಡು. ಮುಗೀತು."

ಪರಪ್ಪ ಕೈ ಎತ್ತಿದ. ಕೈ ಅರ್ಧ ದಾರಿಯಲ್ಲಿ ನಿಂತಿತು. ಆಣೆ ಮಾಡಿದರೆ ಸುಳ್ಳು. ಮಾಡದಿದ್ದರೆ ಪಾಲು ಹೋಯಿತು. ಹೊತ್ತು ಏರುತ್ತಿತ್ತು. ಕಲಸಿದ ಔಷಧ ಡಬ್ಬಿಯ ತಳಕ್ಕೆ ಇಳಿಯುತ್ತಿತ್ತು. ಆಚೆಯ ಹುಳ ಬದು ದಾಟಿ ತನ್ನ ಗಿಡಕ್ಕೆ ಬರುವುದು ಗುರುಲಿಂಗಪ್ಪನ ಕಣ್ಣ ಮುಂದೆ ಕಟ್ಟಿತು. ಅವನಿಗೆ ತಡೆಯಲಾಗಲಿಲ್ಲ.

"ಆಣಿಗೀಣಿ ಸಂಜೀಕ ಮಾಡ್ಸೋಣ, ಸರೀರಿ," ಎಂದು ರುಮಾಲಿನ ಸುತ್ತಿನೊಳಗೆ ಕೈ ಹಾಕಿ, ಕಾಗದದ ಪುಡಿಕೆ ಬಿಚ್ಚಿದ. ಒಳಗೆ ಲಕಲಕ ಹೊಳೆಯುವ ಹೊಸ ಪ್ಲಗ್ಗು. ತಮ್ಮನ ಮಸಿ ಹಿಡಿದ ಪ್ಲಗ್ಗು ಬಿಚ್ಚಿ ಬದಿಗೆ ಇಟ್ಟು, ಇದನ್ನು ತಿರುವಿ, ಒಂದೇ ಸಲ ಹಗ್ಗ ಜಗ್ಗಿದ.

ಮಶೀನು ಒದರಿತು. ಕೋಳಿಗಳು ಮಾಳಿಗೆ ಏರಿದವು. ಗುರುಲಿಂಗಪ್ಪ ಅದನ್ನು ಬಂದ್ ಮಾಡಿದ.

"ಎಲ್ಲಿಂದ ಬಂತಣ್ಣಾ ಇದು?" ಎಂದ ಪರಪ್ಪ.

"ಇಂಡಿಯಿಂದ."

"ನೀ ಇಂಡಿಗೆ ಹೋಗೇ ಇಲ್ಲ! ಒಮ್ಮೆರ ಹೋಗಾಕ ಬಿಟ್ಟೇನೇನ ನಾ?"

"ನಾ ಯಾಕ ಹೋಗ್ಲಿ? ಹಿಂಡಿ ಅಂಗಡ್ಯಾಂವಗ ಹೇಳಿ ಕಳಿಸಿದ್ದೆ. ತಂದ ಕೊಟ್ಟಾಂವ ನೀನ."

ಪರಪ್ಪ ಮಶೀನಿನ ಪಕ್ಕದಲ್ಲಿ ನೆಲಕ್ಕೆ ಕೂತ. "ಅಂದಿನಿಂದ ನಿನ್ನ ಹತ್ರ ಇತ್ತಾ? ಮತ್ತ ಯಾಕ ಹಾಕಲಿಲ್ಲ?"

ಗುರುಲಿಂಗಪ್ಪ ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಅದಕ್ಕೇ ನಿಜ ಹೇಳಿಬಿಟ್ಟ. "ನನ್ನ ಪ್ಲಗ್ಗ ಹಾಕಿದ್ರ ಮಶೀನ ನಾನ ಹೊರಬೇಕಾಗತಿತ್ತಲೋ."

ಮೊದಲು ನಕ್ಕವಳು ಸಾವಂತ್ರವ್ವ. ಆಮೇಲೆ ಅಂಗಳವೆಲ್ಲ ನಕ್ಕಿತು. ನಗುತ್ತ ನಗುತ್ತ ಸಾವಂತ್ರವ್ವನಿಗೆ ಏನೋ ಹೊಳೆಯಿತು; ಮುಖ ಸಣ್ಣದಾಯಿತು. "ಅಂದ್ರ ಪರಪ್ಪ ಇನ್ನ ಇಂಡಿಗೆ ಹೋಗೂದಿಲ್ಲೇನು? ನನ್ನ ಕುಬಸ ದರ್ಜಿ ಹತ್ರನ ಐತಲ್ಲೋ!"

ಕುಬಸದ ಹಾಗೆಯೇ ಇನ್ನೂ ಹಲವರ ವಸ್ತುಗಳು ಇಂಡಿಯಲ್ಲಿದ್ದವು. ಹೀಗಾಗಿ ನಗು ಬೇಗ ನಿಂತಿತು.

ಆಗ ರುಕ್ಮವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದೆ ಬಂದಳು. ಅವಳಿಗೆ ಚಿಮಣಿಯ ಅರ್ಥ ಈಗ ಆಗಿತ್ತು. ಆದರೆ ಗಂಡನ ವಿಚಾರಣೆ ಮನೆಯಲ್ಲಿ, ಇದು ಬೇರೆ.

"ಕಾಕಾರ, ನಂದೊಂದ ಮಾತರಿ. ಚಕ್ಕಡೀನೂ ಭಾವಾರ ಮನ್ಯಾಗ, ಕಡಾಣೀನೂ ಭಾವಾರ ರುಮಾಲಿನಾಗ. ಹಂಗಾರ ನಮ್ಮ ಪಾಲ ಯಾವದರಿ?"

ಬಸಂತರಾಯ ಕಾಕಾ ಕಣ್ಣು ಮುಚ್ಚಿದರು. ತೀರ್ಪು ಬದಲಿಸುವುದು ಅವರ ಮನೆತನದಲ್ಲಿ ಇರಲಿಲ್ಲ. ಕೊಟ್ಟ ತೀರ್ಪನ್ನು ಹಿಗ್ಗಿಸಬಹುದಿತ್ತು.

"ನಾ ಪ್ಲಗ್ಗ ಪರಪ್ಪಗ ಅಂದೇನಿ. ಒಂದ ಪ್ಲಗ್ಗ ಅಂತ ಅಂದಿಲ್ಲ. ಈ ಮಶೀನಿಗೆ ಕೂಡೂ ಪ್ಲಗ್ಗ ಎಲ್ಲೆ ಇರಲಿ, ಎಷ್ಟ ಇರಲಿ, ಅವೆಲ್ಲಾ ಪರಪ್ಪನ ಪಾಲು. ಗುರುಲಿಂಗಪ್ಪಾ, ಅದನ್ನೂ ಅವನ ಕೈಯಾಗ ಇಡು."

ಈ ತೀರ್ಪಿನಿಂದ ರಾವಸಾಬನ ಗೋಡೆಯ ಸರವೂ ಕಾಯದೆ ಪ್ರಕಾರ ಪರಪ್ಪನಿಗೆ ಸೇರಿತು. ರಾವಸಾಬನಿಗೆ ಯಾರೂ ತಿಳಿಸಲಿಲ್ಲ.

"ಆತು," ಎಂದ ಗುರುಲಿಂಗಪ್ಪ ಮೆಲ್ಲಗೆ. "ಮತ್ತ ಹೊರೂದು? ಪ್ಲಗ್ಗಿನಾಂವನ ಹೊರತಾನಲ್ಲ?"

"ಚಕ್ಕಡಿ ಎಳಿಯೂದು ಕಡಾಣಿ ಇದ್ದಾಂವನ ಎತ್ತೇನು?" ಎಂದರು ಕಾಕಾ. "ಮಶೀನ ನಿಂದು. ಬೆನ್ನೂ ನಿಂದ. ಇವತ್ತ ಪರಪ್ಪನ ಗಿಡದ ಪಾಳಿ. ನಡೀರಿ."

ಪರಪ್ಪ ನೆಲದಿಂದ ಎದ್ದ. ಧೋತರ ಝಾಡಿಸಿದ. ಹೊಸ ಪ್ಲಗ್ಗಿನ ಸಂದನ್ನು ನೋಡಿದ, ಮುಟ್ಟಲಿಲ್ಲ. ತೋಟದಲ್ಲಿ ಅಣ್ಣನ ಬೆನ್ನಿಗೆ ಮಶೀನು ಏರಿಸಿ, ಪಟ್ಟಿ ಬಿಗಿದು, ಹಗ್ಗ ಜಗ್ಗಿ, ತನ್ನ ತೋಟದ ಬದುವಿನ ಮೇಲೆ ಹೋಗಿ ಕೂತ. ರುಕ್ಮವ್ವ ಪಕ್ಕದಲ್ಲಿ ಹುಳದ ಡಬ್ಬಿ ಕೆಳಗಿಟ್ಟು ಕಾಲು ಚಾಚಿದಳು.

ಗುರುಲಿಂಗಪ್ಪ ಮೊದಲ ಸಾಲು ಅಣ್ಣನಂತೆ ನಡೆದ. ಎರಡನೆಯ ಸಾಲಿನಲ್ಲಿ ರುಮಾಲು ಜಾರಿತು. ಮೂರನೆಯದರಲ್ಲಿ ಅವನು ನಡೆಯುವುದಕ್ಕಿಂತ ಮಶೀನೇ ಅವನನ್ನು ನಡೆಸುತ್ತಿತ್ತು. ಅದನ್ನು ಒಬ್ಬನೇ ಇಳಿಸಲು ಅವನಿಗೆ ಬರುತ್ತಿರಲಿಲ್ಲ, ಕೂಡಿದ್ದಾಗ ಹೊರುತ್ತಿದ್ದವನು ಆಳು; ಇವನು ಒಮ್ಮೆಯೂ ಹೊತ್ತವನಲ್ಲ. ಸಾಲಿನ ಕೊನೆಯಲ್ಲಿ ತಿರುಗಿ, ಒಂದು ಕೈಯನ್ನು ಮೇಲೆತ್ತಿ, ಬದುವಿನ ಕಡೆಗೆ ಏನೋ ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಬಾಯಿ ತೆರೆದು ಮುಚ್ಚುವುದಷ್ಟೇ ಕಂಡಿತು.

"ಭಾವಾರ ಏನೋ ಒದರಾಕತ್ತಾರಲ್ರಿ?" ಎಂದಳು ರುಕ್ಮವ್ವ.

ಪರಪ್ಪ ಕಿವಿಗೆ ಕೈಯಿಟ್ಟು ಬಹಳ ಲಕ್ಷ್ಯದಿಂದ ಕೇಳಿಸಿಕೊಂಡ.

"ಪ್ಲಗ್ಗ ಛಲೋ ಐತಿ ಅನ್ನಾಕತ್ತಾನ," ಎಂದ. ಅಣ್ಣನ ಕಡೆ ಕೈ ಬೀಸಿ ಮುಂದಿನ ಸಾಲು ತೋರಿಸಿದ.